ದುರ್ಗದ ಬಂಡೆಯಿಂದ ಕೆರಾಡಿಯ ಕಾಡಿಗೆ: ಸಿನಿಮಾ ಜಾಡಿನಲ್ಲಿ ಆರು ದಿನ

ಸಿನಿಮಾ ಚಿತ್ರೀಕರಣವಾದ ಊರಿಗೆ ಹೋದವರು ಸಾಮಾನ್ಯವಾಗಿ ನಾಯಕ ನಿಂತ ಜಾಗದಲ್ಲಿ ತಾವೂ ನಿಂತು ಒಂದು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಷ್ಟಕ್ಕೇ ಆದರೆ ಅಷ್ಟು ದೂರದ ಡೀಸೆಲ್ ದಂಡ. ಈ ಪ್ರವಾಸದ ಕ್ರಮ ಬೇರೆ. ಹಿಂದಿನ ರಾತ್ರಿ ಉಳಿದ ರೂಮಿನಲ್ಲೇ ಚಿತ್ರದ ಎರಡು ಮೂರು ದೃಶ್ಯ ನೋಡುವುದು, ಬೆಳಿಗ್ಗೆ ಆ ಜಾಗದಲ್ಲಿ ಎರಡು ಗಂಟೆಯಾದರೂ ಸುಮ್ಮನೆ ಓಡಾಡುವುದು, ಸಂಜೆ ಅವೇ ದೃಶ್ಯಗಳನ್ನು ಮತ್ತೆ ನೋಡುವುದು. ಚಿತ್ರದ ನಿಜವಾದ ಬಣ್ಣ ಗೊತ್ತಾಗುವುದು ಈ ಎರಡನೆಯ ನೋಟದಲ್ಲಿ. ಜಾಗವನ್ನು ಬರೀ ಹಿಂದಿನ ಪರದೆಯಂತೆ ಬಳಸಿದ ಚಿತ್ರ ಆಗ ಸೊರಗುತ್ತದೆ. ಜಾಗದ ಕಲ್ಲು, ಮಳೆ, ಸದ್ದುಗಳನ್ನೇ ಕಥೆಯೊಳಗೆ ಎಳೆದುಕೊಂಡ ಚಿತ್ರ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ಹೊರಟರೆ ಒಳ್ಳೆಯದು. ಮಲೆನಾಡಿನ ಮಳೆ ಇಳಿದಿರುತ್ತದೆ, ಜೋಗದಲ್ಲಿ ನೀರು ಇನ್ನೂ ಇರುತ್ತದೆ, ಮಲ್ಪೆಯ ದೋಣಿಗಳು ಕಡಲಿಗೆ ಇಳಿದಿರುತ್ತವೆ. ಚಿತ್ರಗಳನ್ನೆಲ್ಲ ಮನೆಯಲ್ಲೇ ಫೋನಿಗೋ ಟ್ಯಾಬಿಗೋ ಇಳಿಸಿಕೊಳ್ಳಿ. ಆಗುಂಬೆಯಲ್ಲಿ ನೆಟ್‌ವರ್ಕ್ ನಂಬಿ ಕೂತರೆ ರಾತ್ರಿಯೆಲ್ಲ ಸುತ್ತುವ ಚಕ್ರವನ್ನೇ ನೋಡಬೇಕಾಗುತ್ತದೆ. ಹಳೆಯ ಚಿತ್ರ ಹುಡುಕುವಾಗ ಚೌಕಟ್ಟಿನ ಅಳತೆಯನ್ನೂ ಗಮನಿಸಿ. ಟಿವಿಯ ಅಗಲಕ್ಕೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳು ಬೇಕಾದಷ್ಟು ಓಡಾಡುತ್ತಿವೆ. ಅಂಥದ್ದರಲ್ಲಿ ಕೋಟೆಯ ತುದಿಯೂ ಇಲ್ಲ, ನಟರ ಪಾದವೂ ಇಲ್ಲ. ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಇರುವ ಪ್ರತಿಯೇ ಹಳೆಯ ಚಿತ್ರಕ್ಕೆ ಸರಿ.

ಮೊದಲ ದಿನ: ಚಿತ್ರದುರ್ಗ

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ಹಾದು ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಒಂಬತ್ತರ ಒಳಗೆ ಕೋಟೆಯ ಬಾಗಿಲಲ್ಲಿ ಇರಬಹುದು. ತಡವಾದರೆ ಬಂಡೆ ಕಾಯುತ್ತದೆ. ಹನ್ನೆರಡರ ನಂತರ ಅಂಗೈ ಊರಲೂ ಆಗದಷ್ಟು ಸುಡುತ್ತದೆ, ಕೈ ಊರದೆ ಹತ್ತಲಾಗದ ಕಡೆಗಳೂ ಇವೆ. ಒಬ್ಬರಿಗೆ ಎರಡು ಲೀಟರ್ ನೀರು, ರಬ್ಬರ್ ತಳದ ಬೂಟು ಇರಲಿ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಕಸಿಯುತ್ತವೆ.

ಇಲ್ಲಿಗೆ ಬರುವುದು ‘ನಾಗರಹಾವು’ ಚಿತ್ರಕ್ಕಾಗಿ. 1972ರ ಚಿತ್ರ, ನಿರ್ದೇಶನ ಪುಟ್ಟಣ್ಣ ಕಣಗಾಲ್, ಛಾಯಾಗ್ರಹಣ ಚಿಟ್ಟಿಬಾಬು, ಸಂಗೀತ ವಿಜಯಭಾಸ್ಕರ್. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ. ಜಲೀಲನಾಗಿ ಅಂಬರೀಶ್ ಪರದೆಗೆ ಬಂದದ್ದೂ ಇದರಲ್ಲೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಹೆಣೆದ ಕಥೆ ಇದು. ಚಿತ್ರದ ಬಲ, ದೋಷ ಎರಡರ ಬೇರೂ ಅಲ್ಲೇ ಇದೆ. ರಾಮಾಚಾರಿ, ಅಲಮೇಲು, ಚಾಮಯ್ಯ ಮೇಷ್ಟ್ರು ಇರುವ ಮೊದಲರ್ಧ ಸಾವಧಾನವಾಗಿ ಉಸಿರಾಡುತ್ತದೆ. ಮಾರ್ಗರೆಟ್ ಬಂದ ಮೇಲೆ ಕಥೆಗೆ ಅವಸರ. ಒಂದು ಕಾದಂಬರಿಯಷ್ಟು ನಡೆಯಬೇಕಾದ ಪ್ರೀತಿ ಕೆಲವೇ ದೃಶ್ಯಗಳಲ್ಲಿ ಮುಗಿದುಹೋಗುತ್ತದೆ. ಕೆ.ಎಸ್. ಅಶ್ವತ್ಥ್ ಇಲ್ಲದಿದ್ದರೆ ಕೊನೆಯ ಅರ್ಧ ಗಂಟೆ ಕೂರಿಸುತ್ತಿರಲಿಲ್ಲ. ಶಿಷ್ಯ ಕೆಟ್ಟರೆ ತಾನೇ ಕೆಟ್ಟೆನೆಂದು ಕುಗ್ಗುವ ಮೇಷ್ಟ್ರನ್ನು ಅವರು ಬೆನ್ನಿನಲ್ಲೇ ತೋರಿಸುತ್ತಾರೆ. ಭುಜ ಇಳಿದಿರುತ್ತದೆ, ನಡಿಗೆ ನಿಧಾನವಾಗಿರುತ್ತದೆ, ಮಾತು ಆಮೇಲೆ ಬರುತ್ತದೆ.

ಕೋಟೆಯಲ್ಲಿ ಮೊದಲು ಓಬವ್ವನ ಕಿಂಡಿಗೆ ಹೋಗಿ. ಬಾಗಿಲುಗಳನ್ನು ದಾಟಿ, ಮದ್ದು ಬೀಸುವ ಕಲ್ಲುಗಳನ್ನು ಎಡತಾಕಿ, ಏಕನಾಥೇಶ್ವರಿ ಗುಡಿಯ ಕಡೆಯಿಂದ ಇಳಿಯಬೇಕು. ದಾರಿ ಕವಲೊಡೆಯುವುದರಿಂದ ಮೊದಲ ಸಲ ಹೋಗುವವರು ಪುರಾತತ್ವ ಇಲಾಖೆಯ ಫಲಕ ನೋಡಿಕೊಂಡೋ ಅಲ್ಲಿಯ ಮಾರ್ಗದರ್ಶಿಗಳನ್ನು ಕರೆದುಕೊಂಡೋ ಹೋಗುವುದು ಲೇಸು. ಕಿಂಡಿ ಎಂದರೆ ಬಂಡೆಗಳ ನಡುವಿನ ಸಂದಿ. ಒಬ್ಬರ ಹಿಂದೆ ಒಬ್ಬರು ಬಗ್ಗಿ ನುಸುಳಬೇಕು, ಇಬ್ಬರು ಒಟ್ಟಿಗೆ ಬರಲು ಸಾಧ್ಯವೇ ಇಲ್ಲ. ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿನ ಗುಟ್ಟು ಇಲ್ಲಿ ಬಗ್ಗಿ ನೋಡಿದಾಗಲೇ ತಿಳಿಯುವುದು. ಜಯಂತಿಯವರ ಓಬವ್ವ ಒನಕೆ ಹಿಡಿದು ನಿಲ್ಲುವ ಭಂಗಿ, ಒಂದೊಂದೇ ತಲೆ ಹೊರಬರುವ ಲಯ, ಎರಡನ್ನೂ ಆ ಸಂದಿಯ ಅಗಲವೇ ನಿರ್ಧರಿಸಿದೆ. ಬಯಲಿನಲ್ಲಿ ಚಿತ್ರೀಕರಿಸಿದ್ದರೆ ಅದೊಂದು ಸಾಧಾರಣ ಕಾಳಗ ಆಗುತ್ತಿತ್ತು. ಪಿ.ಬಿ. ಶ್ರೀನಿವಾಸ್ ಅವರ ದನಿ ಕಥೆ ಹೇಳುತ್ತ ಹೋದಂತೆ ಹೈದರಾಲಿಯ ಕಾಲದ ಒಂದು ಪ್ರಸಂಗ ನಾಲ್ಕೈದು ನಿಮಿಷದಲ್ಲಿ ಪೂರ್ತಿಯಾಗಿ ಮುಗಿಯುತ್ತದೆ. ಇವತ್ತಿನ ನಿರ್ದೇಶಕರ ಕೈಗೆ ಕೊಟ್ಟರೆ ಇದೇ ಪ್ರಸಂಗ ಅರ್ಧ ಗಂಟೆ ಆಗುತ್ತದೆ, ಪರಿಣಾಮ ಮಾತ್ರ ಅರ್ಧದಷ್ಟೂ ಇರುವುದಿಲ್ಲ.

ಆಮೇಲೆ ‘ಬಾರೇ ಬಾರೇ ಚೆಂದದ ಚೆಲುವಿನ ತಾರೆ’. ಇಡೀ ಹಾಡು ನಿಧಾನ ಚಲನೆಯದು. ಇದರ ಹಿಂದಿನ ಕೆಲಸ ತಿಳಿದು ನೋಡಿದರೆ ಗೌರವ ಹೆಚ್ಚುತ್ತದೆ. ಥಿಯೇಟರಿನಲ್ಲಿ ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ವೇಗದಲ್ಲಿ. ಚಲನೆ ಅರ್ಧಕ್ಕೆ ಇಳಿಯಬೇಕಾದರೆ ಕ್ಯಾಮೆರಾವನ್ನು 48 ಚೌಕಟ್ಟಿನಲ್ಲಿ ಓಡಿಸಬೇಕು. ಆಗ ಫಿಲ್ಮ್ ದುಪ್ಪಟ್ಟು ಖರ್ಚು. ಒಂದೊಂದು ಚೌಕಟ್ಟಿಗೂ ಅರ್ಧದಷ್ಟೇ ಬೆಳಕು ಸಿಗುತ್ತದೆ. ಆ ಕಾಲದ ಬಣ್ಣದ ಫಿಲ್ಮ್ ಮೊದಲೇ ಬೆಳಕಿಗೆ ಹಸಿದದ್ದು. ತುಟಿ ಹೊಂದಿಸಬೇಕಾದ ಕಡೆ ಹಾಡನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿ, ನಟರೂ ಅದೇ ವೇಗದಲ್ಲಿ ತುಟಿ ಆಡಿಸಿದರೆ ಮಾತ್ರ ಪರದೆಯ ಮೇಲೆ ಸರಿ ಕೂರುತ್ತದೆ. ಈಗ ದುರ್ಗದ ಬಂಡೆಗಳತ್ತ ನೋಡಿ. ಆಕಾಶದ ಬೆಳಕನ್ನು ಹೀರದೆ ಎದುರಿಗೆ ಎರಚುವ ಬಿಳಿಚು ಬಂಡೆಗಳು ಇವು, ಇಂಥ ಹಾಡಿಗೆ ಹೇಳಿ ಮಾಡಿಸಿದ ಜಾಗ. ಫೋನಿನಲ್ಲಿ ಪ್ರಯತ್ನಿಸುವವರು 240 ಚೌಕಟ್ಟಿನ ಆಯ್ಕೆಗೆ ಹೋಗಬೇಡಿ, ಓಡುವವರು ನೀರೊಳಗೆ ತೇಲಿದಂತೆ ಕಾಣುತ್ತಾರೆ. 60 ಚೌಕಟ್ಟಿನಲ್ಲಿ ಹಿಡಿದು 24ಕ್ಕೆ ಇಳಿಸಿದರೆ ಪುಟ್ಟಣ್ಣನವರ ಹಾಡಿನ ಹದಕ್ಕೆ ಹತ್ತಿರ ಬರುತ್ತದೆ.

ತುಪ್ಪದ ಕೊಳದ ಬತೇರಿಗೆ (ಕಾವಲು ಬುರುಜಿಗೆ) ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಏರಬೇಕು. ಮಳೆ ಬಿದ್ದು ಬಂಡೆ ಒದ್ದೆಯಾಗಿದ್ದರೆ ಹತ್ತಬೇಡಿ. ಹತ್ತುವಾಗ ತಿಳಿಯುವುದಿಲ್ಲ, ಇಳಿಯುವಾಗ ಕಾಲಿಗೆ ಗುಳಿ ಸಿಗುವುದಿಲ್ಲ. ಚಿತ್ರದ ಕೊನೆಯ ದೃಶ್ಯಗಳಿಗೆ ಈ ಎತ್ತರ ಎಷ್ಟು ಮುಖ್ಯ ಎಂಬುದು ಕೆಳಗಿನಿಂದ ನೋಡಿದರೂ ಅರಿವಾಗುತ್ತದೆ.

ಒಂದು ಆಕ್ಷೇಪವನ್ನು ಹೇಳಲೇಬೇಕು. 70ರ ದಶಕದ ಚಿತ್ರಗಳಿಗೆಲ್ಲ ಅಂಟಿದ್ದ ಜೂಮ್ ಚಟ ಇಲ್ಲೂ ಇದೆ. ಮುಖದ ಮೇಲೆ ಕ್ಯಾಮೆರಾ ತಟ್ಟನೆ ಎರಗಿದಾಗಲೆಲ್ಲ ನಟ ಮಾಡಿದ ಕೆಲಸ ಹಿಂದಕ್ಕೆ ಸರಿಯುತ್ತದೆ. ಕೋಟೆಯ ದೃಶ್ಯಗಳಲ್ಲಿ ಈ ಚಟ ಅಷ್ಟಾಗಿ ಕಾಡುವುದಿಲ್ಲ, ಕಲ್ಲಿನ ಹರವೇ ಕಣ್ಣನ್ನು ತುಂಬಿಕೊಳ್ಳುತ್ತದೆ.

ಎರಡನೆಯ ದಿನ: ಅರಸಾಳು, ಹೆಗ್ಗೋಡು

ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ದಾರಿಯಲ್ಲಿ ಶಿವಮೊಗ್ಗ. ಅಡಕೆ ತೋಟ ಶುರುವಾದ ಮೇಲೆ ಗಾಳಿಯೇ ಬದಲಾಗುತ್ತದೆ. ಊಟ ಶಿವಮೊಗ್ಗದಲ್ಲೇ ಮುಗಿಸಿ, ರಿಪ್ಪನ್‌ಪೇಟೆ ಕಡೆಯ ದಾರಿ ಹಿಡಿದು ಅರಸಾಳಿಗೆ ಬನ್ನಿ.

ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣ ಇದು. ಶಿವಮೊಗ್ಗ–ತಾಳಗುಪ್ಪ ಮಾರ್ಗ ಆಗ ಮೀಟರ್‌ಗೇಜ್ ಆಗಿತ್ತು. ಈಗ ಬ್ರಾಡ್‌ಗೇಜ್. ಬಳಕೆ ತಪ್ಪಿದ್ದ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಚಳಕ ಈ ಕೆಲಸದಲ್ಲೂ ಇದೆ. ನೋಡಲು ಒಂದು ಗಂಟೆ ಸಾಕು. ರೈಲಿನಲ್ಲೇ ಬರುವ ಆಸೆಯಿದ್ದರೆ ಎಲ್ಲ ಗಾಡಿಗಳೂ ಇಲ್ಲಿ ನಿಲ್ಲುತ್ತವೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಧಾರಾವಾಹಿಯ ಬಗ್ಗೆ ಬರೆಯುವವರೆಲ್ಲ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತಕ್ಕೇ ಮಾತು ಮುಗಿಸುತ್ತಾರೆ. ಎಸ್. ರಾಮಚಂದ್ರ ಅವರ ಕ್ಯಾಮೆರಾಕ್ಕೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ. ಆಗಿನ ಟಿವಿಯ ಸಣ್ಣ ಪರದೆಗೆ ಕಪ್ಪು ಮೂಲೆಗಳು ಹೊಂದುವುದಿಲ್ಲ, ಎಲ್ಲ ಮಸಿಯಾಗುತ್ತದೆ. ಅದಕ್ಕೇ ನಿಲ್ದಾಣದ ಮಾಡಿನ ಕೆಳಗಿನ ದೃಶ್ಯಗಳಲ್ಲಿ ಮುಖಗಳು ಹೊರಗಿನ ಬಯಲಿನತ್ತ ತಿರುಗಿರುತ್ತವೆ. ಮಾಡಿನ ಕಂಬಕ್ಕೆ ಒರಗಿ ನಿಂತು ಜೊತೆಗಿದ್ದವರ ಮುಖವನ್ನು ಹೊರಗೆ, ಒಳಗೆ ತಿರುಗಿಸಿ ನೋಡಿ. ಬೆಳಕಿನ ಪಾಠಕ್ಕೆ ಇದಕ್ಕಿಂತ ಸುಲಭದ ಜಾಗ ಸಿಗಲಾರದು.

ಸಂಜೆಗೆ ಸಾಗರ ದಾಟಿ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಕೆ.ವಿ. ಸುಬ್ಬಣ್ಣ 1973ರಲ್ಲಿ ಇಲ್ಲೇ ಚಿತ್ರಸಮಾಜ ಕಟ್ಟಿ, ಅಡಕೆ ಬೆಳೆಗಾರರಿಗೂ ಕೂಲಿಯವರಿಗೂ ಜಪಾನು, ಇಟಲಿ, ಬಂಗಾಳದ ಚಿತ್ರ ತೋರಿಸಿದ್ದು ಕನ್ನಡ ಸಿನಿಮಾ ಚರಿತ್ರೆಯ ದೊಡ್ಡ ಕೆಲಸ. ಹಳ್ಳಿಯವರಿಗೆ ಇಂಥ ಚಿತ್ರ ತಲೆಗೆ ಹೋಗುವುದಿಲ್ಲ ಎಂದು ಇವತ್ತಿಗೂ ಹೇಳುವ ನಿರ್ಮಾಪಕರಿಗೆ ಹೆಗ್ಗೋಡಿನ ದಾರಿ ತೋರಿಸಬೇಕು. ಅಕ್ಟೋಬರಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರದ ದಿನಗಳಾದರೆ ಉಳಿಯಲು ಜಾಗ ಸಿಗುವುದು ಕಷ್ಟ, ಸಾಗರದಲ್ಲಿ ರೂಮು ಹಿಡಿಯಿರಿ.

ಮೂರನೆಯ ದಿನ: ಜೋಗ ಮತ್ತು ಶರಾವತಿಯ ಹಿನ್ನೀರು

ಸಾಗರದಿಂದ ಜೋಗಕ್ಕೆ 30 ಕಿ.ಮೀ. ಜಲಪಾತದ ಎತ್ತರ 253 ಮೀಟರ್. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಸೀಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರಿನ ಅಬ್ಬರ ಮಳೆಯ ಜೊತೆಗೆ ಅಣೆಕಟ್ಟಿನ ಲೆಕ್ಕಾಚಾರಕ್ಕೂ ಸೇರಿದ್ದು. ಹೋದಾಗ ಮಂಜು ಕವಿದಿದ್ದರೆ ಹಿಂತಿರುಗಬೇಡಿ. ಇಪ್ಪತ್ತು ನಿಮಿಷ ಕಾದರೆ ತೆರೆ ಸರಿದಂತೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಕೆಳಗಿಳಿಯುವ ಸುಮಾರು 1,400 ಮೆಟ್ಟಿಲಿನ ದಾರಿಯನ್ನು ಮಳೆಗಾಲದಲ್ಲಿ ಮುಚ್ಚಿರುತ್ತಾರೆ, ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಇಲ್ಲಿ ಮೂರು ಚಿತ್ರಗಳ ಮಾತು ಬರುತ್ತದೆ, ಮೂರೂ ನೀರನ್ನು ಮೂರು ಬಗೆಯಲ್ಲಿ ನೋಡಿವೆ.

1992ರ ‘ಜೀವನ ಚೈತ್ರ’ದಲ್ಲಿ ರಾಜ್‌ಕುಮಾರ್ ‘ಮಾನವನಾಗಿ ಹುಟ್ಟಿದ್ಮೇಲೆ’ ಹಾಡುತ್ತ ಜೋಗದ ಮುಂದೆ ನಿಲ್ಲುತ್ತಾರೆ. ಅದು ಯಾತ್ರಿಕನ ನೋಟ. ಕ್ಯಾಮೆರಾ ದೂರದಲ್ಲಿದೆ, ಜಲಪಾತಕ್ಕೆ ಕೈ ಮುಗಿದಂತಿದೆ. ಕಥೆಗೆ ಜೋಗ ಬೇಕೇ ಬೇಕೆಂದೇನೂ ಇಲ್ಲ. ಆದರೂ ಹಾಡು ಉಳಿದಿದೆ, ಏಕೆಂದರೆ ಕಣ್ತುಂಬ ನೋಡಿದವನ ಸಂತೋಷ ಆ ದನಿಯಲ್ಲಿ ನಿಜವಾಗಿದೆ. (ಇದೇ ಚಿತ್ರದ ‘ನಾದಮಯ’ ಹಾಡಿಗೆ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು.)

2006ರ ಡಿಸೆಂಬರಿನಲ್ಲಿ ಬಂದ ‘ಮುಂಗಾರು ಮಳೆ’ ಕ್ಯಾಮೆರಾವನ್ನು ಜಲಪಾತದ ನೆತ್ತಿಗೇ ಒಯ್ದಿತು. ಯೋಗರಾಜ ಭಟ್ ನಿರ್ದೇಶನ, ಎಸ್. ಕೃಷ್ಣ ಅವರ ಛಾಯಾಗ್ರಹಣ. ಅಷ್ಟು ದಿನ ಎದುರಿನಿಂದ ಕಂಡ ಜೋಗವನ್ನು ಪ್ರೇಕ್ಷಕ ಮೊದಲ ಸಲ ಮೇಲಿನಿಂದ, ಹೊಟ್ಟೆಯಲ್ಲಿ ತಳಮಳ ಹುಟ್ಟುವಂತೆ ಕಂಡ. ಚಿತ್ರ ಬಂದ ಮೇಲೆ ಆ ಬಂಡೆಯ ಅಂಚಿಗೆ ಹೋಗಿ ಮಲಗುವ ಹುಚ್ಚು ಹಬ್ಬಿತು. ದಯವಿಟ್ಟು ಹೋಗಬೇಡಿ. ಪಾಚಿಗಟ್ಟಿದ ಕಲ್ಲಿಗೆ ಯಾವ ಬೂಟೂ ಹಿಡಿಯುವುದಿಲ್ಲ, ಮೇಲೆ ಮಳೆಯಾದರೆ ನೀರು ಎಷ್ಟು ಹೊತ್ತಿನಲ್ಲಿ ಏರುತ್ತದೆಂದು ಹೇಳಲಾಗದು. ನದಿಯ ಆಚೆ ದಡದಲ್ಲಿರುವ ಬ್ರಿಟಿಷರ ಕಾಲದ ಬಂಗಲೆಯ ಕಡೆಯಿಂದ ಜಲಪಾತದ ಬೇರೊಂದು ಮಗ್ಗುಲು ಕಾಣುತ್ತದೆ, ಅಷ್ಟು ಸಾಕು.

ಚಿತ್ರದ ಮಳೆಯ ಬಗ್ಗೆ ನಾಲ್ಕು ಮಾತು. ನಿಜವಾದ ಜಿಟಿಜಿಟಿ ಮಳೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಹನಿ ಕಾಣಬೇಕಾದರೆ ಮಳೆಯ ಹಿಂದಿನಿಂದ ಬೆಳಕು ಬರಬೇಕು, ಅದರ ಹಿಂದೆ ಕಪ್ಪು ಹಸಿರೋ ಕಪ್ಪು ಗೋಡೆಯೋ ಇರಬೇಕು. ಬಿಳಿ ಆಕಾಶದ ಎದುರು ಎಷ್ಟೇ ಸುರಿದರೂ ಪರದೆಯಲ್ಲಿ ಒಣಗಿದಂತೆಯೇ. ಅದಕ್ಕೇ ಮಳೆಗಾಲದಲ್ಲೂ ಟ್ಯಾಂಕರ್ ನೀರು ತರಿಸಿ, ಎತ್ತರದಿಂದ ದಪ್ಪ ಹನಿ ಬೀಳಿಸುವುದು ಸಿನಿಮಾದವರ ರೂಢಿ. ಫೋನಿನಲ್ಲಿ ಮಳೆ ಹಿಡಿಯುವವರಿಗೂ ಇದೇ ನಿಯಮ: ಮರದ ನೆರಳಿನತ್ತ ಮುಖ ಮಾಡಿ, ಬೆಳಕು ಎದುರಿನಿಂದಲೋ ಪಕ್ಕದಿಂದಲೋ ಬರಲಿ. ಎಸಿ ಕಾರಿನಿಂದ ತೆಗೆದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸುತ್ತ ಕೂರಬೇಡಿ, ಹತ್ತು ನಿಮಿಷ ಹೊರಗಿಟ್ಟರೆ ತಾನೇ ಆರುತ್ತದೆ.

ಈಗ ನೋಡಿದರೆ ‘ಮುಂಗಾರು ಮಳೆ’ಯ ಹಾಸ್ಯ ಕೆಲವು ಕಡೆ ಎಳೆದಂತಿದೆ. ಆದರೆ ದೇವದಾಸ ಎಂಬ ಮೊಲದ ಜೊತೆ ಗಣೇಶ್ ಆಡುವ ಮಾತು ಇನ್ನೂ ತಾಜಾ. ಮನುಷ್ಯರ ಮುಂದೆ ಹೇಳಲಾಗದ್ದನ್ನು ಮೊಲದ ಮುಂದೆ ಹೇಳಿಸಿದ್ದು ಬರವಣಿಗೆಯ ಜಾಣತನ. ‘ಅನಿಸುತಿದೆ ಯಾಕೋ ಇಂದು’ ಎಂದು ಜಯಂತ ಕಾಯ್ಕಿಣಿ ಬರೆದ ಮೇಲೆ ಕನ್ನಡ ಚಿತ್ರಗೀತೆಯ ಮಾತೇ ಮೆದುವಾಯಿತು. ಅದರ ನಂತರ ಬಂದ ನೂರಾರು ನಕಲು ಮಳೆಗಳಲ್ಲಿ ಆ ಮೆದುತನ ಇಲ್ಲ, ನೀರು ಮಾತ್ರ ಇದೆ.

ಮೂರನೆಯದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’. ಈ ಸೀಮೆಯ ನೀರಿನ ಬಗ್ಗೆ ಇದಕ್ಕಿಂತ ದೊಡ್ಡ ಚಿತ್ರ ಬಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾಗರದವರೇ ಆದ ನಾ. ಡಿಸೋಜ ಅವರ ಕಥೆ. ನಿರ್ಮಿಸಿ ನಾಗಿಯ ಪಾತ್ರ ಮಾಡಿದವರು ಸೌಂದರ್ಯ. ಅಣೆಕಟ್ಟಿನ ನೀರು ಏರುತ್ತ ಬಂದು ಗುಡ್ಡವೊಂದು ನಡುಗಡ್ಡೆಯಾಗುತ್ತದೆ, ಅದರ ಮೇಲೊಂದು ಮನೆ ಉಳಿಯುತ್ತದೆ. ಮಧ್ಯಾಹ್ನ ಅಂಬಾರಗೋಡ್ಲು ಕಡೆ ಹೋಗಿ ಹಿನ್ನೀರಿನ ದಡದಲ್ಲಿ ನಿಲ್ಲಿ. ಸಿಗಂದೂರಿಗೆ ಲಾಂಚಿನಲ್ಲಿ ದಾಟುತ್ತಿದ್ದ ಜಾಗದಲ್ಲಿ 2025ರ ಜುಲೈನಿಂದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ಸೇತುವೆಯ ಮೇಲಿಂದ ಕಾಣುವ ಒಂದೊಂದು ನಡುಗಡ್ಡೆಯೂ ಹಿಂದೆ ಗುಡ್ಡದ ನೆತ್ತಿ. ಅದರ ಕೆಳಗೆ ತೋಟ, ಗದ್ದೆ, ಊರು ಇದ್ದವು. ಇಷ್ಟು ಕಣ್ಣಿಗೆ ಬಿದ್ದ ಮೇಲೆ ಚಿತ್ರ ನೋಡಿ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾದಲ್ಲಿ (ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ) ಮಳೆ ಚೆಲುವೂ ಅಲ್ಲ, ಪ್ರೀತಿಯ ಹಿನ್ನೆಲೆಯೂ ಅಲ್ಲ. ಹೊಸ್ತಿಲ ತನಕ ಬಂದು ನಿಂತ, ಸಾಲ ಕೊಟ್ಟವನಂತಿದೆ. ಮನೆ ಉಳಿಸಿದವಳು ನಾಗಿ, ಶ್ರೇಯಸ್ಸು ದೇವರಿಗೆ. ಗಂಡನ ಆ ಮಾತು ಕೇಳಿ ಸೌಂದರ್ಯ ಮುಖ ತಿರುಗಿಸುವ ಕ್ಷಣಕ್ಕಾಗಿ ಎರಡು ಗಂಟೆಯನ್ನೂ ಕೊಡಬಹುದು. ಅಳು ಇಲ್ಲ, ಕೂಗಾಟ ಇಲ್ಲ. ಅತಿ ಮೆಲ್ಲಗೆ ಏನೋ ಒಂದು ಆರಿಹೋಗುತ್ತದೆ. ಹೊಸಬರು ಈ ಚಿತ್ರ ‘ನಿಧಾನ’ ಎನ್ನುತ್ತಾರೆ. ನೀರು ಏರುವ ವೇಗವೇ ಅದು.

ನಾಲ್ಕನೆಯ ದಿನ: ಆಗುಂಬೆ, ವೈಕುಂಠಪುರ

ಸಾಗರದಿಂದ ಹೊಸನಗರ, ತೀರ್ಥಹಳ್ಳಿ ಮೂಲಕ ಆಗುಂಬೆ. ತಿರುವು ಹೆಚ್ಚು, ಅರ್ಧ ದಿನ ಇಟ್ಟುಕೊಳ್ಳಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು, ಛತ್ರಿ ಮುರಿದರೆ ಆಶ್ಚರ್ಯವಿಲ್ಲ. ರೈನ್‌ಕೋಟೇ ಇರಲಿ. ಹುಲ್ಲಿಗೆ ಕಾಲಿಡುವ ಮುಂಚೆ ಕಾಲಿಗೆ ಸುಣ್ಣವೋ ಹೊಗೆಸೊಪ್ಪಿನ ಪುಡಿಯೋ ಹಚ್ಚಿಕೊಂಡರೆ ಇಂಬಳ (ಜಿಗಣೆ) ಹತ್ತುವುದು ಕಡಿಮೆ. ಹತ್ತಿದರೆ ಕಿತ್ತೆಳೆಯದೆ ಉಪ್ಪು ಹಾಕಿ.

‘ಮಾಲ್ಗುಡಿ ಡೇಸ್’ನ ದೊಡ್ಡಮನೆ ಇಲ್ಲಿದೆ. ಅದು ಜನ ವಾಸಿಸುವ ಮನೆ, ಪ್ರದರ್ಶನಕ್ಕಿಟ್ಟ ಸೆಟ್ಟಲ್ಲ. ಹೊರಗೆ ಚಪ್ಪಲಿ ಬಿಟ್ಟು, ಕೂಗಿ ಕೇಳಿ, ಒಪ್ಪಿದರೆ ಒಳಗೆ ಹೋಗಬೇಕು. ಊಟ, ವಸತಿಯ ಮಾತಿದ್ದರೆ ಮುಂಚಿತವಾಗಿ ತಿಳಿಸಬೇಕು. ಮಲಗುವ ಕೋಣೆಗಳತ್ತ ಫೋನ್ ತಿರುಗಿಸುವುದು ಅಸಭ್ಯತನ. ನಡುವೆ ತೊಟ್ಟಿ, ಸುತ್ತ ಕಂಬಗಳ ಜಗಲಿ. ತೊಟ್ಟಿಯಿಂದ ಇಳಿಯುವ ಬೆಳಕು ಜಗಲಿಯ ಅಂಚಿಗೆ ಬರುವಷ್ಟರಲ್ಲಿ ಮೆತ್ತಗಾಗಿ, ಕಂಬದ ಹಿಂದೆ ಪೂರಾ ಆರುತ್ತದೆ. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಅಪ್ಪ ಗದರುವಾಗ ಹುಡುಗ ಕಂಬದ ಮರೆಗೆ ಸರಿಯುವುದು ಮನೆಯೇ ಹೇಳಿಕೊಟ್ಟ ನಟನೆಯಂತೆ ಕಾಣುತ್ತದೆ. ಕಥೆ ಬರೆದ ಆರ್.ಕೆ. ನಾರಾಯಣರ ಮಾಲ್ಗುಡಿ ತಮಿಳು ಸೀಮೆಯ ಊರಲ್ಲವೇ ಎಂದು ವಾದಿಸುವವರಿದ್ದಾರೆ. ಇರಬಹುದು. ಕಣ್ಮುಚ್ಚಿ ಮಾಲ್ಗುಡಿ ಎಂದರೆ ಈಗ ಎದುರು ಬರುವುದು ಈ ಜಗಲಿಯೇ.

ಶೃಂಗೇರಿ ಕಡೆಯ ವೈಕುಂಠಪುರಕ್ಕೆ ಹೋಗುವವರು ಕಡಿಮೆ, ಅದಕ್ಕೇ ಹೋಗಬೇಕು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಿತ್ರೀಕರಣವಾದದ್ದು ಇಲ್ಲಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿ. ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಸೆನ್ಸಾರಿನ ತಡೆ ದಾಟಿ ಬಂದು, ಕನ್ನಡಕ್ಕೆ ಮೊದಲ ಸ್ವರ್ಣಕಮಲ (ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ) ತಂದ ಚಿತ್ರ. ಹೆಣ ಎತ್ತುವವರು ಯಾರು ಎಂಬ ಒಂದೇ ಪ್ರಶ್ನೆ, ಅದರ ಸುತ್ತ ಒಂದು ಅಗ್ರಹಾರ. ಕಪ್ಪು-ಬಿಳುಪಿನಲ್ಲಿ ಮಲೆನಾಡಿನ ಹಸಿರು ಬೂದಿಯ ಬಣ್ಣವಾಗುತ್ತದೆ, ಹಸಿವು ಮತ್ತು ಪ್ಲೇಗಿನ ಕಥೆಗೆ ಅದೇ ಬೇಕಿತ್ತು. ಹೊರಗಿನಿಂದ ಬಂದ ಕ್ಯಾಮೆರಾ ಆದ್ದರಿಂದಲೋ ಏನೋ, ಅಗ್ರಹಾರದ ಬದುಕನ್ನು ಅದು ಅಲಂಕರಿಸಲು ಹೋಗಲಿಲ್ಲ. ಆಚಾರ್ಯರು ಊರು ಬಿಟ್ಟು ಅಲೆಯುವ ಭಾಗ ಕಾದಂಬರಿಯಷ್ಟು ಆಳಕ್ಕೆ ಇಳಿಯುವುದಿಲ್ಲ, ಒಳಗಿನ ಮಾತನ್ನು ಪರದೆಗೆ ತರುವ ದಾರಿ ಚಿತ್ರಕ್ಕೆ ಸಿಕ್ಕಿಲ್ಲ. ಊರಿನಲ್ಲಿ ಫಲಕ, ಸ್ಮಾರಕ ಹುಡುಕಬೇಡಿ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ.

ಇದೇ ಸೀಮೆಯ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಆ ರಾತ್ರಿಗೆ ಇಟ್ಟುಕೊಳ್ಳಬಹುದು. ಅದರ ದುರಸ್ತಿಯಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಎಲ್ಲಿಯಾದರೂ ದೊಡ್ಡ ಪರದೆಯಲ್ಲಿ ಆ ಪ್ರತಿ ತೋರಿಸುತ್ತಾರೆಂದರೆ ಕೆಲಸ ಬಿಟ್ಟು ಹೋಗಿ.

ಐದನೆಯ ದಿನ: ಮಲ್ಪೆ

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು. ಬೆಳಗಿನ ಮಂಜು ಕರಗಿದ ಮೇಲೆ, ಗೇರು ಇಳಿಸಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಇಳಿಯಬೇಕು. ಏರುವ ಗಾಡಿಗೆ ದಾರಿ ಬಿಡಿ. ಸೋಮೇಶ್ವರ, ಹೆಬ್ರಿ ದಾಟಿ ಉಡುಪಿಗೆ ಸುಮಾರು 55 ಕಿ.ಮೀ., ಅಲ್ಲಿಂದ ಮಲ್ಪೆ ಬಂದರಿಗೆ ಆರೇ ಕಿ.ಮೀ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಬಂದರೆ ದೋಣಿಗಳೆಲ್ಲ ಸಾಲಾಗಿ ಕಟ್ಟಿಹಾಕಿ ಮಲಗಿರುತ್ತವೆ. ಉಳಿದ ದಿನಗಳಲ್ಲಿ ನಸುಕಿಗೇ ಬಂದರಿಗೆ ಹೋಗಬೇಕು. ನೆಲದ ಮೇಲೆ ಮೀನಿನ ನೀರು, ಐಸಿನ ಚೂರು. ಹಳೆಯ ರಬ್ಬರ್ ಚಪ್ಪಲಿ ಸಾಕು. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ, ಅವರಿಗೆ ಒಂದೊಂದು ನಿಮಿಷವೂ ದುಡ್ಡು.

2014ರ ‘ಉಳಿದವರು ಕಂಡಂತೆ’ ನೋಡಿದವರಿಗೆ ಕಣ್ಣಿಗಿಂತ ಮುಂಚೆ ಕಿವಿಗೆ ಬಂದರಿನ ಗುರುತು ಸಿಗುತ್ತದೆ. ರಕ್ಷಿತ್ ಶೆಟ್ಟಿಯವರ ಈ ಚಿತ್ರ ಸ್ಥಳದಲ್ಲೇ ಧ್ವನಿ ಹಿಡಿದದ್ದು. ಡಬ್ಬಿಂಗ್ ಕೋಣೆಯಲ್ಲಿ ಮಾತು ಸ್ವಚ್ಛವಾಗಿ ಬರುತ್ತದೆ, ಆದರೆ ಗಾಳಿಗೆ ಎದುರಾಗಿ ಕೂಗುವ ಗಂಟಲು ಬರುವುದಿಲ್ಲ. ಡೀಸೆಲ್ ಎಂಜಿನ್ನಿನ ಗುಡುಗುಡು, ಕಾಗೆ, ಅಲೆ, ಇವುಗಳ ಮೇಲೆ ಏರಿ ಬರುವ ಕರಾವಳಿ ಕನ್ನಡ. ಅಷ್ಟಮಿಯ ದಿನದ ಒಂದು ಘಟನೆಯನ್ನು ಬೇರೆ ಬೇರೆಯವರು ಕಂಡಂತೆ ಹೇಳುವ ಕಟ್ಟೋಣ ಮೊದಲ ನೋಟಕ್ಕೆ ಕೈಕೊಡುತ್ತದೆ. ಥಿಯೇಟರಿನಲ್ಲಿ ಆಗ ಹಣ ಮಾಡಲಿಲ್ಲ, ಜನ ಆಮೇಲೆ ಮನೆಗಳಲ್ಲಿ ನೋಡಿ ನೋಡಿ ಅದನ್ನು ಮೇಲೆತ್ತಿದರು. ಎರಡನೆಯ ಸಲ ನೋಡುವಾಗ ರಕ್ಷಿತ್ ಅವರ ರಿಚ್ಚಿಯನ್ನು ಬಿಟ್ಟು ತಾರಾ ಅವರ ರತ್ನಕ್ಕನನ್ನು ಹಿಂಬಾಲಿಸಿ. ಚಿತ್ರದ ನಡುಗಂಬ ಯಾವುದೆಂದು ಆಗ ತಿಳಿಯುತ್ತದೆ. ರಿಚ್ಚಿಯ ಮಾತುಗಳ ಠೀವಿ ಕೆಲವು ಕಡೆ ಹೆಚ್ಚಾಯಿತು, ಅದನ್ನೇ ಅನುಕರಿಸಿದ ಮುಂದಿನ ಚಿತ್ರಗಳಲ್ಲಂತೂ ಅಜೀರ್ಣವಾಯಿತು.

ಆರನೆಯ ದಿನ: ಕೆರಾಡಿ

ಉಡುಪಿಯಿಂದ ಕುಂದಾಪುರ 38 ಕಿ.ಮೀ., ಅಲ್ಲಿಂದ ಒಳನಾಡಿಗೆ, ಘಟ್ಟದ ಬುಡದತ್ತ ಹೋದರೆ ಕೆರಾಡಿ. ರಿಷಬ್ ಶೆಟ್ಟಿಯವರ ಹುಟ್ಟೂರು. 2022ರ ಸೆಪ್ಟೆಂಬರ್ 30ಕ್ಕೆ ಬಂದ ‘ಕಾಂತಾರ’ವನ್ನು ಇಲ್ಲೇ ಸುತ್ತಮುತ್ತ ಚಿತ್ರೀಕರಿಸಿದರು. ಒಂದು ಕಡೆ ಗದ್ದೆ, ಗದ್ದೆ ಮುಗಿದ ಕಡೆ ಕಾಡು, ನಡುವೆ ಬೇಲಿಯಿಲ್ಲ. ಅರಣ್ಯ ಇಲಾಖೆಯ ಕಲ್ಲು ಎಲ್ಲಿ ನೆಡಬೇಕು ಎಂಬ ಚಿತ್ರದ ಜಗಳ ಹುಟ್ಟುವುದೇ ಈ ಗೆರೆಯಿಲ್ಲದ ನೆಲದಿಂದ. ದಾರಿಯ ತಿರುವಿನಲ್ಲಿ ನಿಂತು ಒಮ್ಮೆ ನೋಡಿದರೆ ಕಥೆಯ ಅರ್ಧ ಅರ್ಥವಾಗುತ್ತದೆ.

ಒಂದು ಸಂಗತಿ ಗಮನಿಸಿ. ರಿಷಬ್, ಅಚ್ಯುತ್ ಕುಮಾರ್, ಕಿಶೋರ್, ಸಂಗೀತದ ಅಜನೀಶ್ ಲೋಕನಾಥ್, ನಾಲ್ವರೂ ನಿನ್ನೆಯ ಮಲ್ಪೆಯ ಚಿತ್ರದಲ್ಲೂ ಇದ್ದರು. ಎಂಟು ವರ್ಷದಲ್ಲಿ ಅದೇ ಕೈಗಳು ಕಡಲಿನಿಂದ ಕಾಡಿಗೆ ಬಂದು ಮಾಡಿದ ಕೆಲಸ ಇದು. ಅರವಿಂದ್ ಕಶ್ಯಪ್ ಅವರ ರಾತ್ರಿಯ ದೃಶ್ಯಗಳಲ್ಲಿ ಬೆಳಕು ದೀವಟಿಗೆಯಿಂದಲೇ ಬಂದಂತಿದೆ. ಮುಖದ ಅರ್ಧ ಕತ್ತಲಲ್ಲೇ ಉಳಿಯಲು ಬಿಟ್ಟಿದ್ದಾರೆ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ರಿಷಬ್ ಅಭಿನಯಿಸುವುದನ್ನು ಎಷ್ಟು ಸಲ ನೋಡಿದರೂ ಎದೆ ಝಲ್ಲೆನ್ನುತ್ತದೆ, ಅದಕ್ಕೆ ಬಂದ ರಾಷ್ಟ್ರಪ್ರಶಸ್ತಿ ಸರಿಯಾದ ಕೈಗೇ ಸೇರಿತು. ಲೀಲಾಳ ಪಾತ್ರ ಮಾತ್ರ ಅರೆಬೆಂದದ್ದು. ಇಲಾಖೆಯ ಕೆಲಸಕ್ಕೂ ಊರಿಗೂ ನಡುವೆ ಸಿಕ್ಕಿಬಿದ್ದವಳ ಸಂಕಟ ಒಂದು ದೊಡ್ಡ ಕಥೆ. ಅದನ್ನು ಬಿಟ್ಟು ಅವಳ ಹಿಂದೆ ತುಂಟಾಟಕ್ಕೆ ಸಮಯ ಕಳೆದರು.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಕಾಲದಲ್ಲಿ ಬಹಳ ಹಿಂದೆ ಹೋಗಿ, ಅಳತೆಯಲ್ಲಿ ಬಹಳ ದೊಡ್ಡದಾಯಿತು. ಯುದ್ಧ, ಅರಮನೆ, ರಥ ಎಲ್ಲವೂ ಕಣ್ಣಿಗೆ ಹಬ್ಬ, ದೊಡ್ಡ ಪರದೆಯಲ್ಲೇ ನೋಡಬೇಕಾದದ್ದು. ಆದರೆ ಮೊದಲ ಚಿತ್ರದಲ್ಲಿ ಹಂಡೆ ಒಲೆಯ ಹೊಗೆ, ಅಮ್ಮನ ಬೈಗುಳ, ಕಂಬಳದ ಗದ್ದೆಯ ಕೆಸರು ಇದ್ದವು. ಕೆರಾಡಿಯ ದಾರಿಯಲ್ಲಿ ಇವತ್ತೂ ಕಾಣುವುದು ಅವೇ. ಹೊಸದರಲ್ಲಿ ಅಂಥ ಹಿಡಿಮಣ್ಣು ಕಡಿಮೆ.

ದೈವದ ಕೋಲ ನೋಡುವ ಆಸೆಯಿದ್ದರೆ ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ ಬೇರೆಯೇ ಬರಬೇಕು. ಬೇಸಿಗೆಯ ತನಕ ಆ ಕಾಲ. ಊರಿನವರ ಒಪ್ಪಿಗೆ ಕೇಳಿ, ಅವರು ತೋರಿಸಿದ ಕಡೆ ಕೂತು, ಫೋನಿನ ಬೆಳಕು ಆರಿಸಿಡಿ. ಸಿನಿಮಾದ ಕೂಗನ್ನು ಅಲ್ಲಿ ಅನುಕರಿಸಬೇಡಿ. ಅದು ಆರಾಧನೆ. ಇಡೀ ರಾತ್ರಿ ನಡೆಯುತ್ತದೆ, ಮಕ್ಕಳಿದ್ದರೆ ಹೊದಿಕೆ ಇರಲಿ.

ಕೆರಾಡಿಯ ಹತ್ತಿರದ ಮೂಡಗಲ್ಲಿನ ಗುಹಾ ದೇವಾಲಯಕ್ಕೆ ಕಾಡಿನ ದಾರಿ ಇದೆ. ಮಳೆ ಬಂದ ಮರುದಿನ ಸಣ್ಣ ಕಾರಿಗೆ ಕಷ್ಟ, ಊರಿನಲ್ಲಿ ಜೀಪು ಸಿಗುತ್ತದೆಯೇ ಕೇಳಿ. ನಾಲ್ಕು ಗಂಟೆಯೊಳಗೆ ಹಿಂತಿರುಗಿದರೆ ಕುಂದಾಪುರದಲ್ಲಿ ರಾತ್ರಿ ಆಟಕ್ಕೆ ಟಿಕೆಟ್ ಹಿಡಿಯಬಹುದು. ಯಾವ ಚಿತ್ರ ಓಡುತ್ತಿದೆಯೋ ಅದೇ. ಆರು ದಿನ ಸಣ್ಣ ಪರದೆಯಲ್ಲಿ ನೋಡಿದ ಮೇಲೆ, ದೀಪ ಆರಿ ದೊಡ್ಡ ಬಿಳಿ ಪರದೆ ಬೆಳಗುವುದನ್ನು ಕಾಯುತ್ತ ಕೂರುವ ಆ ಎರಡು ನಿಮಿಷಕ್ಕಾಗಿಯಾದರೂ ಹೋಗಿ.